ತೋಳದ ಪಾಲು

‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಅನ್ನುವ ಗಾದೆಯನ್ನು ನಾವೆಲ್ಲ ಮನುಷ್ಯರ ಬಗ್ಗೆಯೇ ಬಳಸುತ್ತೇವೆ. ಕೆಲಸ ಕಳೆದುಕೊಂಡವನ ಬಗ್ಗೆ, ಚುನಾವಣೆ ಸೋತವನ ಬಗ್ಗೆ. ಆ ಗಾದೆ ಹುಟ್ಟಿದ ಕಾಲಕ್ಕೆ ಹಳ್ಳವೂ ನಿಜ, ಕಲ್ಲೂ ನಿಜ, ತೋಳವೂ ನಿಜ ಆಗಿತ್ತು ಎಂಬುದನ್ನು ಮರೆತಿದ್ದೇವೆ. ನಗರ ಸೇರಿದ ನಮ್ಮಂಥವರಿಗೆ ತೋಳ ಎಂದರೆ ‘ತೋಳ ಬಂತು ತೋಳ’ ಎಂದು ಸುಳ್ಳು ಕೂಗಿದ ಹುಡುಗನ ಕತೆ. ಇಲ್ಲವೇ ಮಕ್ಕಳ ಇಂಗ್ಲಿಷ್ ಪುಸ್ತಕದಲ್ಲಿ ಅಜ್ಜಿಯ ವೇಷ ಹಾಕಿಕೊಂಡು ಮಲಗಿರುವ ಪ್ರಾಣಿ. ಆದರೆ ಪುಣೆ ಕನ್ನಡಿಗರಿಗೆ ಒಂದು ಮಾತು ಹೇಳಲೇಬೇಕು. ಭಾನುವಾರ ಬೆಳಿಗ್ಗೆ ಬೇಗ ಎದ್ದು ಸಾಸವಡ, ಜೇಜುರಿ, ಬಾರಾಮತಿ, ಇಂದಾಪುರದ ಕಡೆ ಕಾರು ತಿರುಗಿಸಿದರೆ, ಮಿಸಳ್ ಪಾವ್ ಹೊತ್ತಿಗೆಲ್ಲ ನೀವು ನಿಜವಾದ ತೋಳದ ಸೀಮೆಯಲ್ಲಿರುತ್ತೀರಿ. ಅದು ಕಾಣುತ್ತದೆಂಬ ಖಾತ್ರಿ ಇಲ್ಲ. ನಿಮ್ಮನ್ನು ಅದು ನೋಡಿರುತ್ತದೆ, ಅಷ್ಟಂತೂ ನಿಜ.

ನಾನು ಈ ವಿಷಯ ಹಿಡಿದು ಕೂರಲು ಕಾರಣ ಊರಿನಿಂದ ಬಂದ ಒಂದು ಫೋನು. ನಮ್ಮದು ಕೊಪ್ಪಳ ಜಿಲ್ಲೆಯ ಯಲಬುರ್ಗಾ ಕಡೆಯ ಎರೆಹೊಲ. ಅಣ್ಣ ಕಡಲೆ, ಹೆಸರು ಬೆಳೆಯುತ್ತಾನೆ. ಅಲ್ಲೀಗ ಚಿಗರಿ ಕಾಟ, ಅಂದರೆ ಕೃಷ್ಣಮೃಗದ ಕಾಟ. ಮೊಳಕೆ ಎರಡೆಲೆ ಬಿಡುವಷ್ಟರಲ್ಲಿ ಹಿಂಡು ಬಂದು ಸಾಲು ಸಾಲೇ ಮೇಯ್ದು ಹೋಗುತ್ತದೆ. ಓಡಿಸಿದರೆ ಪಕ್ಕದ ಹೊಲಕ್ಕೆ ಹಾರುತ್ತದೆ, ಆಮೇಲೆ ಪಕ್ಕದವನು ಇತ್ತ ಓಡಿಸುತ್ತಾನೆ. ‘ನಿಮ್ ಪುಣೆ ಕಡೆ ತ್ವಾಳ ಬಾಳ ಅದಾವಂತಲ್ಲ, ಎರಡು ಹಿಡದು ಕಳಸು, ಚಿಗರಿ ಲೆಕ್ಕ ಅವೇ ನೋಡ್ಕೊಂತಾವು’ ಎಂದ ಅಣ್ಣ. ತಮಾಷೆಗೆ ಹೇಳಿದ್ದೇ. ಆದರೆ ಜಗತ್ತಿನ ಇನ್ನೊಂದು ತುದಿಯಲ್ಲಿ ಸರ್ಕಾರಗಳು, ವಿಜ್ಞಾನಿಗಳು, ಬೇಟೆಗಾರರು ಮೂವತ್ತು ವರ್ಷದಿಂದ ಕಿತ್ತಾಡುತ್ತಿರುವ ಪ್ರಶ್ನೆ ಇದೇ. ತೋಳ ಇದ್ದರೆ ಜಿಂಕೆ ಹಿಂಡುಗಳು ಎಷ್ಟು ಕಡಿಮೆಯಾಗುತ್ತವೆ? ಎಷ್ಟು ತೋಳ ಇರಬೇಕು? ಅದನ್ನು ನಿರ್ಧರಿಸುವವರು ಯಾರು?

ಮೊದಲು ಅಮೆರಿಕದ ಕತೆ ಮುಗಿಸಿಬಿಡೋಣ, ಯಾಕೆಂದರೆ ನಮ್ಮ ವಾಟ್ಸಾಪ್ ಗುಂಪುಗಳಿಗೆಲ್ಲ ಬಂದಿರುವ ವಿಡಿಯೊ ಅಲ್ಲಿನದೇ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ 1926ರ ಹೊತ್ತಿಗೆ ತೋಳಗಳನ್ನು ಪೂರ್ತಿ ಕೊಂದು ಮುಗಿಸಿದ್ದರು. ಎಲ್ಕ್ ಎಂಬ ದೊಡ್ಡ ಜಿಂಕೆಗಳು ಹೆಚ್ಚಿದವು. 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ಹಿಡಿದು ತಂದು ಬಿಟ್ಟರು. ಆಮೇಲೆ ಎಲ್ಕ್ ಕಡಿಮೆಯಾದವು, ಗಿಡಗಳು ಚಿಗುರಿದವು, ಬೀವರ್‌ಗಳು ಬಂದವು, ನದಿಗಳೇ ದಾರಿ ಬದಲಿಸಿದವು ಎನ್ನುತ್ತದೆ ಆ ವಿಡಿಯೊ. ಚೆಂದದ ಹಿನ್ನೆಲೆ ಸಂಗೀತ ಬೇರೆ.

ಎಲ್ಕ್ ಕಡಿಮೆಯಾದದ್ದು ಸುಳ್ಳಲ್ಲ. ಉದ್ಯಾನದ ಉತ್ತರ ಭಾಗದ ಹಿಂಡಿನಲ್ಲಿ 1994ರ ಸುಮಾರಿಗೆ 19,000 ಎಲ್ಕ್ ಇದ್ದವು, 2013ರ ಎಣಿಕೆಯಲ್ಲಿ ಸಿಕ್ಕಿದ್ದು 4,000ಕ್ಕೂ ಕಡಿಮೆ. ಬೇಟೆಗಾರರು ಬೆರಳು ತೋರಿಸಿದ್ದು ತೋಳದತ್ತ. ಆದರೆ ಅದೇ ವರ್ಷಗಳಲ್ಲಿ ಕರಡಿಗಳು ಹೆಚ್ಚಾಗಿ ಎಲ್ಕ್ ಮರಿಗಳನ್ನು ತಿನ್ನತೊಡಗಿದ್ದವು, ಪೂಮಾಗಳು ಮರಳಿದ್ದವು, ಬರ ಬಿದ್ದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಉದ್ಯಾನದ ಗಡಿ ದಾಟಿದ ಹೆಣ್ಣು ಎಲ್ಕ್‌ಗಳನ್ನು ಚಳಿಗಾಲದ ಕೊನೆಯಲ್ಲಿ ಹೊಡೆಯಲು ಸರ್ಕಾರವೇ ಪರವಾನಗಿ ಕೊಡುತ್ತಿತ್ತು. ಇಲ್ಲಿ ಒಂದು ಸೂಕ್ಷ್ಮವಿದೆ. ತೋಳ ಹಿಡಿಯುವುದು ಬಹುಪಾಲು ಮರಿಗಳನ್ನು, ಮುದಿ ಹೆಣ್ಣುಗಳನ್ನು. ಬಂದೂಕು ಹಿಡಿದವನು ಹೊಡೆಯುವುದು ಗಟ್ಟಿಮುಟ್ಟಾದ, ಇನ್ನೂ ಹತ್ತು ವರ್ಷ ಮರಿ ಹಾಕಬಲ್ಲ ಹೆಣ್ಣನ್ನು. ಎರಡೂ ಒಂದೊಂದೇ ಸಾವು. ಆದರೆ ಹಿಂಡಿನ ಲೆಕ್ಕದಲ್ಲಿ ಎರಡಕ್ಕೂ ಬಹಳ ವ್ಯತ್ಯಾಸ. ಇದು ಕುರಿ ಸಾಕಿದ ಯಾರಿಗಾದರೂ ಪಾಠ ಹೇಳದೆಯೇ ಅರ್ಥವಾಗುತ್ತದೆ.

ಇನ್ನು ನದಿಯ ದಾರಿ ಬದಲಿಸಿದ ಮಾತು. ಅಲ್ಲಿಯೇ ಇಪ್ಪತ್ತು ವರ್ಷ ಪ್ರಯೋಗ ನಡೆಸಿದ ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದ ಅಧ್ಯಯನ, ತೊರೆಗಳ ದಡದ ವಿಲೋ ಗಿಡಗಳು ತೋಳ ಬಂದ ಮಾತ್ರಕ್ಕೆ ಹಳೆಯ ಎತ್ತರಕ್ಕೆ ಮರಳಲಿಲ್ಲ ಎಂದು ತೋರಿಸಿತು. ಎಪ್ಪತ್ತು ವರ್ಷ ಒಂದು ಪ್ರಾಣಿಯನ್ನು ಇಲ್ಲವಾಗಿಸಿ, ಆಮೇಲೆ ಮತ್ತೆ ತಂದಿಟ್ಟರೆ ಎಲ್ಲವೂ ಸ್ವಿಚ್ ಹಾಕಿದಂತೆ ಸರಿಹೋಗುವುದಿಲ್ಲ. ತೋಳವನ್ನು ವಿಲನ್ ಮಾಡಿದ್ದು ಎಷ್ಟು ಅವಸರವೋ, ದೇವದೂತ ಮಾಡಿದ್ದೂ ಅಷ್ಟೇ ಅವಸರ ಎಂದು ನನಗನ್ನಿಸುತ್ತದೆ.

ಈ ನಡುವೆ ಅಲ್ಲಿ ತೋಳಗಳ ‘ನಿರ್ವಹಣೆ’ ಎಂದರೆ ಬೇಟೆಯ ಕೋಟಾ ಎಂದೇ ಅರ್ಥ. 2021ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್ ರಾಜ್ಯ 119 ತೋಳಗಳನ್ನು ಹೊಡೆಯಲು ಪರವಾನಗಿದಾರರಿಗೆ ಅವಕಾಶ ಕೊಟ್ಟಿತು. ಮೂರು ದಿನ ತುಂಬುವುದರೊಳಗೆ 218 ತೋಳಗಳು ಸತ್ತಿದ್ದವು. ಅದೇ ವರ್ಷ ಮೊಂಟಾನಾ ರಾಜ್ಯ ಯೆಲ್ಲೋಸ್ಟೋನ್ ಗಡಿಯಂಚಿನ ಮಿತಿಯನ್ನು ತೆಗೆದುಹಾಕಿತು. ಆ ಚಳಿಗಾಲದಲ್ಲಿ ಉದ್ಯಾನದ 25 ತೋಳಗಳು ಗೆರೆ ದಾಟಿದ್ದಕ್ಕೆ ಪ್ರಾಣ ತೆತ್ತವು. ತೋಳಕ್ಕೆ ಗೆರೆ ಎಲ್ಲಿದೆ ಎಂದು ಗೊತ್ತಿರಲಿಲ್ಲ, ಬೇಟೆಗಾರನಿಗೆ ಗೊತ್ತಿತ್ತು. ಅಲ್ಲಿನ ಜಗಳದ ಮೂಲ ಸರಳ. ಕಾಡಿನ ಎಲ್ಕ್ ತಮ್ಮ ಪಾಲಿನದು ಎಂದು ಬೇಟೆಗಾರರು ನಂಬಿದ್ದಾರೆ, ಅದರಲ್ಲಿ ತೋಳ ಪಾಲು ಕೇಳುತ್ತಿದೆ.

ನಮ್ಮಲ್ಲಿಯೂ ಒಂದು ಕಾಲಕ್ಕೆ ಕೃಷ್ಣಮೃಗ ಬೇಟೆಯ ಪ್ರಾಣಿಯೇ. ಕೊಲ್ಲಾಪುರ, ಬರೋಡಾ ಸಂಸ್ಥಾನಗಳ ಅರಸರು ಪಳಗಿಸಿದ ಚೀತಾಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಬಯಲಲ್ಲಿ ಬಿಡುತ್ತಿದ್ದರು. ಭಾರತದ ಚೀತಾ ಅಪರೂಪವಾದ ಮೇಲೆ ಕೊಲ್ಲಾಪುರಕ್ಕೆ ಆಫ್ರಿಕಾದಿಂದ ಚೀತಾ ತರಿಸಿಕೊಂಡದ್ದೂ ಉಂಟು. ತೋಳಕ್ಕೆ ಮಾತ್ರ ಆ ರಾಜಮರ್ಯಾದೆ ಸಿಗಲಿಲ್ಲ. ಬ್ರಿಟಿಷರು ಅದನ್ನು ಹಾನಿಕಾರಕ ಪ್ರಾಣಿಗಳ ಪಟ್ಟಿಗೆ ಸೇರಿಸಿ, ಕೊಂದು ತಂದವರಿಗೆ ಇನಾಮು ಕೊಟ್ಟರು. ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಲೆಕ್ಕದ ಪ್ರಕಾರ 1875ರಿಂದ 1925ರ ನಡುವಿನ ಐವತ್ತು ವರ್ಷಗಳಲ್ಲಿ ಭಾರತದಲ್ಲಿ ಕೊಲ್ಲಲ್ಪಟ್ಟ ತೋಳಗಳು ಸುಮಾರು ಎರಡು ಲಕ್ಷ. ಅದೇ ಅವಧಿಯಲ್ಲಿ ಸತ್ತ ಹುಲಿಗಳು 80,000. ಹುಲಿಯ ಲೆಕ್ಕ ನಮಗೆ ಆಗಾಗ ನೆನಪಾಗುತ್ತದೆ, ತೋಳದ್ದು ಆಗುವುದಿಲ್ಲ.

ಈಗ ದೇಶದಲ್ಲಿ ಉಳಿದಿರುವ ತೋಳಗಳು ಹೆಚ್ಚುಕಮ್ಮಿ 3,000. 2022ರ ಗಣತಿಯಲ್ಲಿ ಹುಲಿಗಳ ಅಂದಾಜು 3,682. ಅಂದರೆ ಹುಲಿಗಿಂತ ತೋಳವೇ ಕಡಿಮೆ! 1972ರ ವನ್ಯಜೀವಿ ಕಾಯ್ದೆಯಲ್ಲಿ ತೋಳ, ಕೃಷ್ಣಮೃಗ ಎರಡೂ ಹುಲಿಯಂತೆಯೇ ಒಂದನೇ ಅನುಸೂಚಿಯಲ್ಲಿವೆ. ನಮ್ಮ ದಖ್ಖನಿನ ತೋಳ ಯುರೋಪು, ಅಮೆರಿಕದ ತೋಳಗಳಿಗಿಂತ ಬಹಳ ಹಿಂದೆಯೇ ಬೇರೆಯಾದ ಪುರಾತನ ವಂಶದ್ದು ಎಂದು ವಂಶವಾಹಿ ಅಧ್ಯಯನಗಳು ಹೇಳುತ್ತಿವೆ. 2025ರಲ್ಲಿ ಐಯುಸಿಎನ್ ಸಂಸ್ಥೆ ಭಾರತದ ತೋಳವನ್ನು ಪ್ರತ್ಯೇಕವಾಗಿ ಪರಿಶೀಲಿಸಿ, ಅಳಿವಿನತ್ತ ಜಾರಬಹುದಾದ ಪ್ರಾಣಿಗಳ ಸಾಲಿಗೆ ಸೇರಿಸಿತು. ನೋಡಲು ಇದೇನು ಸಿನಿಮಾದ ತೋಳವಲ್ಲ. ಸಣಕಲು ಮೈ, ಉದ್ದ ಕಾಲು, ಒಣಹುಲ್ಲಿನ ಬಣ್ಣ, ಇಪ್ಪತ್ತು ಕೆಜಿ ಆಸುಪಾಸು. ಹತ್ತು ಮಾರು ದೂರದಲ್ಲಿ ಕೂತಿದ್ದರೂ ನಾಯಿ ಎಂದುಕೊಂಡು ಮುಂದೆ ಹೋಗುತ್ತೀರಿ.

ಹಾಗಾದರೆ ಇದು ಕೃಷ್ಣಮೃಗದ ಹಿಂಡನ್ನು ಹತೋಟಿಯಲ್ಲಿಡುತ್ತದೆಯೇ? ಒಂದು ಜಾಗದಲ್ಲಿ ಹೌದೆನ್ನಬಹುದಾದ ಸಂಬಂಧವಿದೆ. ಗುಜರಾತಿನ ಭಾವನಗರದ ಬಳಿಯ ವೇಳಾವದರ್ ಉದ್ಯಾನ ಕೇವಲ 34 ಚದರ ಕಿಲೋಮೀಟರಿನ ಹುಲ್ಲುಗಾವಲು. ಅಲ್ಲಿ ಕೃಷ್ಣಮೃಗವೂ ದಟ್ಟ, ತೋಳವೂ ಉಂಟು. ವಿಜ್ಞಾನಿ ಯಾದವೇಂದ್ರದೇವ್ ಝಾಲಾ ವರ್ಷಗಟ್ಟಲೆ ಅಲ್ಲಿ ಕೂತು ಇವೆರಡರ ಸಂಬಂಧವನ್ನು ದಾಖಲಿಸಿದರು. ಅಲ್ಲಿ ತೋಳದ ಮುಖ್ಯ ಊಟ ಕೃಷ್ಣಮೃಗವೇ. ಓಟದಲ್ಲಿ ತೋಳ ಗೆಲ್ಲಲಾರದು, ಹಾಗಾಗಿ ಉಪಾಯವನ್ನೇ ನಂಬಿದೆ. ಒಂದು ಎದುರಿಗೆ ಕಾಣಿಸಿಕೊಂಡು ಹಿಂಡನ್ನು ಓಡಿಸುತ್ತದೆ, ಇನ್ನೊಂದು ಪೊದೆಯಲ್ಲೋ ಗುಂಡಿಯಲ್ಲೋ ಹೊಂಚಿ ಕೂತಿರುತ್ತದೆ. ತಾಯಿ ಚಿಗರಿ ಮರಿಯನ್ನು ಹುಲ್ಲಿನಲ್ಲಿ ಮಲಗಿಸಿ ದೂರ ಹೋಗುತ್ತದೆ. ತೋಳ ಸಾಲು ಹಿಡಿದು ಹುಲ್ಲನ್ನು ಜಾಲಾಡುತ್ತದೆ.

ನಮ್ಮೂರಿಗೆ ಇದನ್ನೇ ಅನ್ವಯಿಸಿ ಒರಟಾಗಿ ಲೆಕ್ಕ ಹಾಕಿದೆ. ಒಂದು ತೋಳಕ್ಕೆ ದಿನಕ್ಕೆ ಒಂದೂವರೆಯಿಂದ ಎರಡು ಕೆಜಿ ಮಾಂಸ ಬೇಕು ಎಂದಿಟ್ಟುಕೊಳ್ಳಿ. ಐದು ತೋಳಗಳ ಗುಂಪಿಗೆ ವರ್ಷಕ್ಕೆ ಮೂರು ಸಾವಿರ ಕೆಜಿ ದಾಟುತ್ತದೆ. ಒಂದು ಚಿಗರಿಯಿಂದ ಇಪ್ಪತ್ತು ಕೆಜಿ ಸಿಕ್ಕರೆ ನೂರೈವತ್ತು ಚಿಗರಿ ಆಯಿತು. ಅಣ್ಣನಿಗೆ ಈ ಲೆಕ್ಕ ಹೇಳಿದಾಗ ಖುಷಿಪಟ್ಟ. ಆದರೆ ಲೆಕ್ಕ ತಪ್ಪುವುದು ಒಂದೇ ಕಡೆ. ನಮ್ಮೂರಿನ ತೋಳಕ್ಕೆ ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಓಡುವ ಚಿಗರಿಯ ಬೆನ್ನು ಹತ್ತುವ ದರ್ದು ಏನಿದೆ? ಪಕ್ಕದಲ್ಲೇ ಕುರಿಹಟ್ಟಿ ಇದೆಯಲ್ಲ.

ದಖ್ಖನಿನ ತೋಳದ ಕತೆಯೆಲ್ಲ ಇಲ್ಲಿಗೇ ಬಂದು ನಿಲ್ಲುತ್ತದೆ. ವೇಳಾವದರ್ ಬಿಟ್ಟು ಈಚೆ ಬಂದರೆ, ಪುಣೆ ಜಿಲ್ಲೆಯಿರಲಿ, ಸೊಲ್ಲಾಪುರವಿರಲಿ, ನಮ್ಮ ಕೊಪ್ಪಳ, ಗದಗ, ರಾಯಚೂರಿರಲಿ, ತೋಳ ಬದುಕಿರುವುದು ಹೆಚ್ಚಾಗಿ ಕುರಿ, ಆಡುಗಳ ಮೇಲೆ. ಅದರ ಜೊತೆಗೆ ಮೊಲ, ಹೆಗ್ಗಣ, ಕೋಳಿ ಫಾರಂಗಳವರು ಊರಾಚೆ ಎಸೆಯುವ ಸತ್ತ ಕೋಳಿಗಳು. ಅಮೆರಿಕದಲ್ಲಿ ತೋಳ ಕಾಡಿನ ಹಿಂಡಿನಿಂದ ಪಾಲು ಕೇಳಿದರೆ ಇಲ್ಲಿ ಸಾಕಿದವನ ಹಿಂಡಿನಿಂದ ಕೇಳುತ್ತದೆ. ಅಲ್ಲಿ ನಷ್ಟವಾಗುವುದು ವಾರಾಂತ್ಯದ ಬೇಟೆ. ಇಲ್ಲಿ ನಷ್ಟವಾಗುವುದು ಮಗಳ ಮದುವೆಗೆಂದು ಉಳಿಸಿಕೊಂಡ ಟಗರು.

ಎರಡು ವರ್ಷದಿಂದ ನಾವು ನಾಲ್ಕೈದು ಗೆಳೆಯರು ರಜೆ ಸಿಕ್ಕಾಗಲೆಲ್ಲ ಕುರಿಗಾರರನ್ನು ಹುಡುಕಿಕೊಂಡು ಹೋಗಿ ಮಾತಾಡಿಸುತ್ತೇವೆ. ಸಾಸವಡ, ಮೋರಗಾವ್ ಕಡೆ ಧನಗರರು, ಅಕ್ಕಲಕೋಟೆ ಕಡೆ ಕನ್ನಡ ಮಾತಾಡುವ ಕುರುಬರು. ಭಾಷೆ ಬೇರೆಯಾದರೂ ದೇವರು ಒಬ್ಬನೇ. ಜೇಜುರಿಯ ಖಂಡೋಬಾ ನಮ್ಮ ಮೈಲಾರಲಿಂಗ, ಅವರ ಬಿರೋಬಾ ನಮ್ಮ ಬೀರಪ್ಪ. ಜೇಜುರಿಗೆ ಬಂಡಾರ ಹಾರಿಸಲು ಹೋಗುವ ನಮ್ಮವರು ಬಹಳ ಮಂದಿ ಇದ್ದಾರೆ. ಗುಡ್ಡದ ಕೆಳಗಿನ ಬಯಲು ತೋಳಗಳ ನೆಲೆ ಎಂದು ಅವರಲ್ಲಿ ಎಷ್ಟು ಜನರಿಗೆ ಗೊತ್ತೋ. ಮೈಲಾರನ ಜೊತೆಗೆ ನಾಯಿ ಇರುವುದು ಸುಮ್ಮನೆ ಅಲ್ಲ ಅನ್ನಿಸುತ್ತದೆ. ಕುರಿ ಕಾಯುವವರ ದೇವರು ತಾನೇ.

ಅಕ್ಕಲಕೋಟೆ ಹತ್ತಿರ ಸಿಕ್ಕ ಹಿರಿಯರೊಬ್ಬರ ಹಟ್ಟಿಯಲ್ಲಿ ನೂರಾ ಎಂಬತ್ತು ಕುರಿಗಳಿದ್ದವು. ಸಂಜೆ ಹೊತ್ತು. ಒಬ್ಬ ರೈತನ ಖಾಲಿ ಹೊಲದಲ್ಲಿ ಬಲೆ ಕಟ್ಟಿ ಮಂದೆ ತರುಬುವ ತಯಾರಿ ನಡೆದಿತ್ತು. ರಾತ್ರಿಯಿಡೀ ಕುರಿ ನಿಂತರೆ ಹೊಲಕ್ಕೆ ಗೊಬ್ಬರ, ಕುರಿಗಾರನಿಗೆ ಜೋಳವೋ ಹಣವೋ. ನಾನು ತೋಳದ ಮಾತು ತೆಗೆದೆ. ಅವರು ಬೈಯಲಿಲ್ಲ. ಬೆರಳು ಮಡಿಸಿ ಲೆಕ್ಕ ಕೊಟ್ಟರು. ಕಳೆದ ವರ್ಷ ತೋಳ ಒಯ್ದದ್ದು ನಾಲ್ಕು, ಅದರಲ್ಲಿ ಮೂರು ಮರಿ. ನೀಲಿ ನಾಲಿಗೆ ರೋಗಕ್ಕೆ ಹೋದದ್ದು ಹನ್ನೊಂದು. ಹೆದ್ದಾರಿ ದಾಟುವಾಗ ಒಂದೇ ಲಾರಿಗೆ ಆರು. ಕಳ್ಳರು ಬೈಕಿನಲ್ಲಿ ಬಂದು ಎತ್ತಿಕೊಂಡು ಹೋದದ್ದು ಎರಡು. ತೋಳದ್ದು ಅದರ ಪಾಲು, ಅದೂ ಹಿಂಡಿನ ಹಿಂದೆಯೇ ಬದುಕುವ ಪ್ರಾಣಿ, ಅದರ ದೃಷ್ಟಿ ಬಿದ್ದ ಹಿಂಡು ಬೆಳೆಯುತ್ತದೆ ಎನ್ನುವುದು ಅವರ ನಂಬಿಕೆ. ಇಂಥ ಮಾತು ಕೇಳಿದಾಗ ನಗರದ ಪರಿಸರಪ್ರಿಯರ ಕಣ್ಣು ಒದ್ದೆಯಾಗುತ್ತದೆ. ನನ್ನದೂ ಆಗುವುದರಲ್ಲಿತ್ತು. ಅಷ್ಟರಲ್ಲಿ ಬಲೆಯ ಗೂಟ ಬಡಿಯುತ್ತಿದ್ದ ಅವರ ಮಗ ತಲೆ ಎತ್ತದೆಯೇ ಹೇಳಿದ, ಅಪ್ಪನ ಕಾಲದಲ್ಲಿ ಕುರಿ ಸ್ವಂತದ್ದು, ಈಗ ಅರ್ಧ ಹಿಂಡು ಸಾಲದ್ದು, ಪಾಲು ಕೊಡಲು ತೋಳಕ್ಕೇನು ಬ್ಯಾಂಕಿನವರು ಬಡ್ಡಿ ಬಿಡುತ್ತಾರೆಯೇ ಎಂದು. ಹಿರಿಯರು ಸುಮ್ಮನಾದರು. ನಾನೂ ಸುಮ್ಮನಾದೆ.

ತೋಳದ ಉಳಿವು ಇಷ್ಟು ವರ್ಷ ಆ ತಂದೆಯಂಥವರ ಉದಾರತೆಯ ಮೇಲೆ ನಿಂತಿತ್ತು. ಕಾಯ್ದೆಯ ಮೇಲಲ್ಲ, ಅಭಯಾರಣ್ಯಗಳ ಮೇಲಂತೂ ಅಲ್ಲವೇ ಅಲ್ಲ. ಮಗನ ಕಾಲಕ್ಕೆ ಆ ಉದಾರತೆ ದುಬಾರಿಯಾಗಿದೆ. ಅವನು ತೋಳದ ಬಿಲಕ್ಕೆ ಹೊಗೆ ಹಾಕುವವನಲ್ಲ ಎಂದು ನಂಬುತ್ತೇನೆ. ಆದರೆ ಹಾಕುವವರಿದ್ದಾರೆ. ಸತ್ತ ಕುರಿಗೆ ವಿಷ ಬೆರೆಸಿ ಇಡುವವರೂ ಇದ್ದಾರೆ. ಆ ವಿಷಕ್ಕೆ ತೋಳದ ಜೊತೆ ನರಿ, ಕತ್ತೆಕಿರುಬ, ಹದ್ದುಗಳೂ ಸಾಯುತ್ತವೆ.

ದೆಹಲಿ, ಲಖನೌ ಕಡೆ ಇರುವ ಓದುಗರು ಇಲ್ಲಿ ನನ್ನನ್ನು ತಡೆದು ಬಹರಾಯಿಚ್ ಬಗ್ಗೆ ಕೇಳಬಹುದು. ಕೇಳಬೇಕು ಕೂಡ. 2024ರ ಮಳೆಗಾಲದಲ್ಲಿ ಉತ್ತರ ಪ್ರದೇಶದ ಆ ಜಿಲ್ಲೆಯಲ್ಲಿ ತೋಳದ ದಾಳಿಗೆ ಹಲವು ಮಕ್ಕಳು ಪ್ರಾಣ ಕಳೆದುಕೊಂಡರು. 1996ರಲ್ಲೂ ಪೂರ್ವ ಉತ್ತರ ಪ್ರದೇಶದಲ್ಲಿ ಇನ್ನೂ ದೊಡ್ಡ ಪ್ರಮಾಣದಲ್ಲಿ ಹೀಗಾಗಿತ್ತು. ಇದನ್ನು ವದಂತಿ ಎಂದು ತಳ್ಳಿಹಾಕುವುದು ಸತ್ತ ಮಕ್ಕಳಿಗೆ ಮಾಡುವ ಅವಮಾನ. ಅಂಥ ಸಂದರ್ಭದಲ್ಲಿ ಆ ನಿರ್ದಿಷ್ಟ ತೋಳವನ್ನು ಹಿಡಿಯಬೇಕು, ಅದಾಗದಿದ್ದರೆ ಕೊಲ್ಲಬೇಕು, ಅದರಲ್ಲಿ ನನಗೆ ಎರಡನೇ ಮಾತಿಲ್ಲ. ಆದರೆ ದಖ್ಖನಿನ ಬಯಲಿನಲ್ಲಿ ನಾನು ಮಾತಾಡಿಸಿದ ಯಾವ ಕುರಿಗಾರನೂ ಮಕ್ಕಳ ಭಯ ಹೇಳಲಿಲ್ಲ. ಅವರ ಹೆಂಗಸರು ಕೂಸುಗಳನ್ನು ಬಯಲಲ್ಲೇ ಜೋಳಿಗೆ ಕಟ್ಟಿ ಮಲಗಿಸುತ್ತಾರೆ. ಅವರ ದೂರು ಬೇರೆ ಪ್ರಾಣಿಯ ಮೇಲಿತ್ತು, ಬೀದಿನಾಯಿಯ ಮೇಲೆ.

ಊರಂಚಿನ ಕಸದ ಗುಡ್ಡೆ, ಢಾಬಾ, ಕೋಳಿ ಫಾರಂಗಳ ಆಸರೆಯಲ್ಲಿ ಬೆಳೆದ ನಾಯಿಗಳು ಈಗ ಗುಂಪು ಕಟ್ಟಿ ಬಯಲಿಗಿಳಿಯುತ್ತವೆ. ಕುರಿಯನ್ನೂ ಹಿಡಿಯುತ್ತವೆ, ಚಿಗರಿ ಮರಿಯನ್ನೂ ಹಿಡಿಯುತ್ತವೆ. ತೋಳವಾದರೆ ಮನುಷ್ಯನ ಸದ್ದಿಗೆ ಸರಿಯುತ್ತದೆ, ನಾಯಿ ಸರಿಯುವುದಿಲ್ಲ. ಬೆಳಿಗ್ಗೆ ಕುರಿಯ ಹೆಣ ಕಂಡಾಗ ಹೆಸರು ಮಾತ್ರ ತೋಳದ್ದೇ. ಇದಕ್ಕಿಂತ ಕೆಟ್ಟದ್ದು, ನಾಯಿಗಳ ಡಿಸ್ಟೆಂಪರ್‌ನಂಥ ರೋಗಗಳು ತೋಳಕ್ಕೂ ಅಂಟುತ್ತವೆ. ಜೊತೆಗೆ ಸಂಗಾತಿ ಸಿಗದ ಒಂಟಿ ತೋಳ ನಾಯಿಯೊಂದಿಗೆ ಕೂಡುತ್ತದೆ. ಪುಣೆಯ ಹತ್ತಿರವೇ ಕಂಡ ಬಿಳಚು ಬಣ್ಣದ ವಿಚಿತ್ರ ‘ತೋಳ’ದ ಕೂದಲನ್ನು ಪರೀಕ್ಷಿಸಿ, ಅದು ತೋಳ ಮತ್ತು ನಾಯಿಯ ಮಿಶ್ರತಳಿ ಎಂದು 2023ರಲ್ಲಿ ಸಾಬೀತುಪಡಿಸಿದರು. ಆ ತಂಡದಲ್ಲಿ ಬೆಂಗಳೂರಿನ ಎನ್‌ಸಿಬಿಎಸ್ ವಿಜ್ಞಾನಿಗಳೂ ಇದ್ದರು. ಬಂದೂಕಿಲ್ಲದೆಯೂ ಒಂದು ಜಾತಿ ಮುಗಿಯುವ ಬಗೆ ಇದು.

ಈಗ ಅಣ್ಣನ ಹೊಲಕ್ಕೆ ಬರೋಣ. ಕೊಪ್ಪಳ, ಗದಗದ ಎರೆಭೂಮಿಯಲ್ಲಿ ಚಿಗರಿ ಯಾಕೆ ಹೆಚ್ಚಾಯಿತು? ಬೇಟೆ ನಿಂತಿತು, ಅದು ಒಳ್ಳೆಯದು. ರಾಜಸ್ಥಾನದ ಸಿನಿಮಾ ನಟರ ಪ್ರಕರಣದ ನಂತರ ಚಿಗರಿ ಮುಟ್ಟಿದರೆ ಜೈಲು ಎಂದು ಸಣ್ಣ ಮಕ್ಕಳಿಗೂ ಗೊತ್ತಾಯಿತು. ಜೊತೆಗೆ, ಒಣ ಹುಲ್ಲು ತಿಂದು ಬದುಕುತ್ತಿದ್ದ ಪ್ರಾಣಿಗೆ ವರ್ಷಕ್ಕೆರಡು ಬಾರಿ ಹಸಿರು ಕಾಳಿನ ಪೈರು ಸಿಗತೊಡಗಿತು. ಅದು ಇರಬೇಕಾದ ಹುಲ್ಲುಗಾವಲು ಮಾತ್ರ ಇಲ್ಲ. ನಮ್ಮ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯವನ್ನೇ ನೋಡಿ. 1974ರಲ್ಲಿ ಘೋಷಣೆಯಾಯಿತು, 119 ಚದರ ಕಿಲೋಮೀಟರ್. ಅದರ ದೊಡ್ಡ ಭಾಗಕ್ಕೆ ಹೊದಿಸಿದ್ದು ನೀಲಗಿರಿ ತೋಪು. ಹುಲ್ಲಿನ ಪ್ರಾಣಿಗೆ ನೀಲಗಿರಿ ಎಲೆ ಕೊಟ್ಟಂತೆ. ಬಯಲು ಸೀಮೆಯ ಹುಲ್ಲುಗಾವಲು ಸರ್ಕಾರದ ನಕ್ಷೆಗಳಲ್ಲಿ ‘ಪಾಳುಭೂಮಿ’. ಪಾಳು ಎಂದ ಮೇಲೆ ಏನು ಬೇಕಾದರೂ ಮಾಡಬಹುದು. ಮರ ನೆಡಬಹುದು, ಸೋಲಾರ್ ಹಾಸಬಹುದು, ಕೈಗಾರಿಕೆಗೆ ಕೊಡಬಹುದು. ಅಲ್ಲಿ ಮೇಯುವ ಕುರಿಗೂ, ಚಿಗರಿಗೂ, ಅವುಗಳ ಹಿಂದಿರುವ ತೋಳಕ್ಕೂ ಕಾಗದದ ಮೇಲೆ ಜಾಗವಿಲ್ಲ.

ಚಿಗರಿ ಹಿಂಡಿಗೆ ಬೇರೆ ಉಪಾಯಗಳೂ ನಡೆದಿವೆ. ಮಧ್ಯಪ್ರದೇಶದ ಶಾಜಾಪುರ ಸೀಮೆಯಲ್ಲಿ 2025ರಲ್ಲಿ ದಕ್ಷಿಣ ಆಫ್ರಿಕಾದ ತಜ್ಞರನ್ನು ಕರೆಸಿ, ಹೆಲಿಕಾಪ್ಟರಿನಿಂದ ಅಟ್ಟಿ, ಎಂಟುನೂರಕ್ಕೂ ಹೆಚ್ಚು ಕೃಷ್ಣಮೃಗಗಳನ್ನು ಹಿಡಿದು ಅಭಯಾರಣ್ಯಗಳಿಗೆ ಸಾಗಿಸಿದರು. ಬಿಹಾರದಲ್ಲಿ ನೀಲಗಾಯಿಗಳನ್ನು ಗುಂಡಿಟ್ಟು ಕೊಂದದ್ದು ನೆನಪಿರಬಹುದು. ಹೆಲಿಕಾಪ್ಟರ್ ಬಾಡಿಗೆ ಎಷ್ಟಾಯಿತೆಂದು ಅಣ್ಣ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ತೋಳ ಒಂದೇ ಚಿಗರಿಯ ಸಂಖ್ಯೆ ಇಳಿಸುತ್ತದೆ ಎನ್ನುವ ಆಸೆ ಹುಸಿ. ಆದರೆ ತೋಳವಿರುವ ಬಯಲಿನಲ್ಲಿ ಹಿಂಡು ಒಂದೇ ಕಡೆ ಠಿಕಾಣಿ ಹೂಡುವುದಿಲ್ಲ, ರಾತ್ರಿ ಪೊದೆಯ ಹತ್ತಿರ ಸುಳಿಯುವುದಿಲ್ಲ, ನಿತ್ರಾಣವಾದದ್ದು ಬೇಗ ಹೋಗುತ್ತದೆ. ತೋಳಕ್ಕೆ ಚಿಗರಿ ಸಿಗುವಷ್ಟು ಹುಲ್ಲುಗಾವಲು ಉಳಿದರೆ ಕುರಿಹಟ್ಟಿಯ ಮೇಲಿನ ಭಾರ ಸ್ವಲ್ಪವಾದರೂ ಇಳಿಯುತ್ತದೆ. ಅದಕ್ಕೆ ಮೊದಲು ಬೇಕಾದದ್ದು ತೋಳವಲ್ಲ, ನೆಲ.

ನೆಲದ ಲೆಕ್ಕಕ್ಕೆ ನಮ್ಮದೇ ಜಿಲ್ಲೆಯ ಉದಾಹರಣೆ ಕೊಡುತ್ತೇನೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಕರ್ನಾಟಕ ಸರ್ಕಾರ ತೋಳಗಳಿಗೆಂದೇ ಒಂದು ಧಾಮ ಮಾಡಿದೆ. ಹಾವೇರಿ ಜಿಲ್ಲೆಯ ಬಂಕಾಪುರ ಬೇರೆ, ಅದು ನವಿಲಿನ ಊರು. ಇಡೀ ದೇಶದಲ್ಲಿ ಇದಕ್ಕೆ ಮೊದಲು ತೋಳದ ಹೆಸರಿನಲ್ಲಿದ್ದ ಅಭಯಾರಣ್ಯ ಜಾರ್ಖಂಡಿನ ಮಹುವಾಡಾಂಡ್, 1976ರದ್ದು. ಬಂಕಾಪುರದ ಸುದ್ದಿ ಓದಿ ನನಗೆ ಹೆಮ್ಮೆಯಾಯಿತು, ಈಗಲೂ ಇದೆ. ಗುಡ್ಡದ ಗವಿಗಳಲ್ಲಿ ತೋಳಗಳು ಮರಿ ಹಾಕುತ್ತಿವೆ. ಆದರೆ ಅದರ ವಿಸ್ತೀರ್ಣ ಸುಮಾರು 330 ಹೆಕ್ಟೇರ್, ಅಂದರೆ ಮೂರು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ಒಂದು ತೋಳದ ಗುಂಪು ಓಡಾಡುವ ಸೀಮೆ ನೂರು ಚದರ ಕಿಲೋಮೀಟರ್ ದಾಟುವುದು ಸಾಮಾನ್ಯ. ಹಾಗಾಗಿ ಬಂಕಾಪುರ ತೋಳದ ಬಾಣಂತಿಕೋಣೆ ಆಗಬಹುದು, ಮನೆಯಾಗಲಾರದು. ಮರಿಗಳಿಗೆ ಉಣಿಸುವುದು ಸುತ್ತಲಿನ ಹಳ್ಳಿಗಳ ಕುರಿಹಟ್ಟಿಗಳೇ. ಹಾಗೆಂದು ಇಡೀ ಸೀಮೆಯನ್ನು ಅಭಯಾರಣ್ಯ ಮಾಡುವುದೂ ದಾರಿಯಲ್ಲ. ಸೊಲ್ಲಾಪುರದ ನಾನ್ನಜ್‌ನಲ್ಲಿ ಅದೇ ಆಯಿತು. ಹೆಬ್ಬಕ ಹಕ್ಕಿಗಾಗಿ 1979ರಲ್ಲಿ ಊರುಕೇರಿ, ಹೊಲಮನೆ ಎಲ್ಲ ಸೇರಿಸಿ ಎಂಟು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ಗೆರೆ ಎಳೆದರು. ಹೊಲ ಮಾರುವುದೂ ಕಷ್ಟವಾಗಿ ಜನ ಹಕ್ಕಿಯ ಮೇಲೆಯೇ ಸಿಟ್ಟಾದರು. ಮೂರು ದಶಕ ಕಳೆದ ಮೇಲೆ ಗೆರೆಯನ್ನು ಬಹಳ ಒಳಕ್ಕೆ ಸರಿಸಿದರು, ಅಷ್ಟರಲ್ಲಿ ಹೆಬ್ಬಕ ಅಲ್ಲಿ ಹೆಸರಿಗಷ್ಟೇ ಉಳಿದಿತ್ತು.

ಪುಣೆ ಜಿಲ್ಲೆಯಲ್ಲಿ ಅರಣ್ಯ ಇಲಾಖೆ ಕಡಬನವಾಡಿ, ಶಿರ್ಸುಫಳ ಹುಲ್ಲುಗಾವಲುಗಳಲ್ಲಿ ಸಫಾರಿ ಶುರುಮಾಡಿದೆ. ಊರಿನ ಹುಡುಗರೇ ಗೈಡ್‌ಗಳು. ತೋಳ ಕಂಡರೆ ಅವರಿಗೂ ನಾಲ್ಕು ಕಾಸು ಎಂಬ ಲೆಕ್ಕ ಚೆನ್ನಾಗಿದೆ. ಹೋಗಿ ಬನ್ನಿ, ಆದರೆ ಬಿಲ ತೋರಿಸು ಎಂದು ಹಟ ಮಾಡಬೇಡಿ. ಚಳಿಗಾಲದಲ್ಲಿ ಮರಿಗಳಿರುತ್ತವೆ, ಕ್ಯಾಮೆರಾ ಹಿಡಿದು ಹತ್ತಿರ ಹೋದರೆ ತಾಯಿ ಮರಿಗಳನ್ನು ಕಚ್ಚಿಕೊಂಡು ಬೇರೆಡೆ ಹೋಗುತ್ತದೆ. ಒಂದೇ ಕೊರತೆ, ಟಿಕೆಟ್ಟಿನ ಹಣ ಊರಿನಲ್ಲಿ ನಿಂತಿರುವವರಿಗೆ ಸಿಗುತ್ತದೆ. ಕುರಿಗಾರ ಊರಲ್ಲಿ ನಿಲ್ಲುವವನಲ್ಲ.

ಪರಿಹಾರದ ಕತೆಯೂ ಹೀಗೆಯೇ. ಸೊಲ್ಲಾಪುರ ಮತ್ತು ಅಮೆರಿಕದ ಆ ವಿಸ್ಕಾನ್ಸಿನ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಎರಡೂ ಕಡೆ ಬೇರೆ ಕಾಡುಪ್ರಾಣಿಗಳು ಮಾಡುವ ಹಾನಿಯೇ ಹೆಚ್ಚು, ಆದರೆ ಜನರ ಸಿಟ್ಟು ತೋಳದ ಮೇಲೆ. ವಿಸ್ಕಾನ್ಸಿನ್‌ನಲ್ಲಿ ಕರಡಿ ಬೇಟೆಗೆ ಒಯ್ದ ನಾಯಿಯನ್ನು ತೋಳ ಕೊಂದರೂ 2,500 ಡಾಲರ್‌ವರೆಗೆ ಪರಿಹಾರ ಸಿಗುತ್ತಿತ್ತು. ಶೋಕಿಗೆ ಹೋದ ನಾಯಿಗೆ!

ನಮ್ಮ ಕುರಿಗಾರನಿಗೂ ಪರಿಹಾರವಿದೆ. ಎರಡೂ ರಾಜ್ಯಗಳಲ್ಲಿ ನಿಯಮ ಇದೆ. ಅರ್ಜಿ, ಸತ್ತ ಪ್ರಾಣಿಯ ಹೆಣ, ಪಶುವೈದ್ಯರ ಪತ್ರ, ಪಂಚನಾಮೆ. ತೋಳ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗಿಬಿಡುತ್ತದೆ, ಹೆಣ ಎಲ್ಲಿಂದ ತರುವುದು? ಸಿಬ್ಬಂದಿ ಬರುವಷ್ಟರಲ್ಲಿ ಮಂದೆ ಹತ್ತು ಕಿಲೋಮೀಟರ್ ಮುಂದೆ, ಕೆಲವೊಮ್ಮೆ ರಾಜ್ಯದ ಗಡಿಯಾಚೆ ಇರುತ್ತದೆ. ಅಕ್ಕಲಕೋಟೆಯ ಆ ಮಗನನ್ನು ಕೇಳಿದೆ, ಒಮ್ಮೆಯಾದರೂ ಅರ್ಜಿ ಹಾಕಿದ್ದೀರಾ ಎಂದು. ಒಂದು ಸಲ ಹೋಗಿದ್ದನಂತೆ, ಬಲೆಯೊಳಗೇ ಸತ್ತುಬಿದ್ದ ಕುರಿ, ಹೆಣವೂ ಇತ್ತು, ಮೊಬೈಲಿನಲ್ಲಿ ಫೋಟೊವೂ ಇತ್ತು. ಘಟನೆ ನಡೆದ ಜಮೀನಿನ ಸರ್ವೆ ನಂಬರ್ ಬರೆಸಿ, ಮಾಲೀಕರ ಸಹಿ ತನ್ನಿ ಎಂದರು. ರಾತ್ರಿ ಮಂದೆ ತರುಬಿಸಿಕೊಂಡಿದ್ದ ರೈತ ಸಹಿಗೆ ಒಪ್ಪಲಿಲ್ಲ. ಕುರಿಯ ದುಡ್ಡು ಬೇಕಾದರೆ ನಾನೇ ಅರ್ಧ ಕೊಡುತ್ತೇನೆ, ನನ್ನ ಹೊಲದಲ್ಲಿ ತೋಳ ಇದೆ ಎಂದು ಮಾತ್ರ ಸರ್ಕಾರದ ಕಾಗದದಲ್ಲಿ ಬರೆಸಬೇಡ, ನಾಳೆ ಹೊಲಕ್ಕೂ ಗೆರೆ ಎಳೆದಾರು ಎಂದನಂತೆ. ಕೊನೆಗೆ ರೈತ ಅರ್ಧ ಚೀಲ ಜೋಳ ಕೊಟ್ಟ. ಕುರಿಗಾರ ಅದನ್ನು ಕುದುರೆಯ ಮೇಲೆ ಹೇರಿಕೊಂಡು ಮುಂದಿನ ಊರಿಗೆ ಹೊರಟ.